ನಾಲ್ಕು ಬಳೆ ಹೆಚ್ಚಿದವು

ಕಮಲಾಪುರದ ಬಳೆಗಾರ್ತಿ ಲತೀಫಾಬಿ ತನ್ನ ಜನ್ಮದಲ್ಲಿ ‘ಬಳೆ ಒಡೆಯಿತು’ ಎಂದವಳಲ್ಲ. ಕೈಗೆ ಇಡಿಸುವಾಗ ಒಂದೆರಡು ಚಟ್ಟೆಂದು ಹೋಗುವುದು ಇದ್ದದ್ದೇ. ಗಾಜಿಗೇನು ಗೊತ್ತು, ಕೈ ಯಾರದೆಂದು? ಹೋದ ಕೂಡಲೇ ಲತೀಫಾಬಿ ಚೂರುಗಳನ್ನು ಸೆರಗಿಗೆ ಹಾಕಿಕೊಂಡು, ‘ಹೆಚ್ಚಿತು ನೋಡ್ರಿ, ಚೊಲೋ ಆತು’ ಎನ್ನುತ್ತಾಳೆ. ಕೈ ಕೊಟ್ಟವಳ ಮುಖದ ಮೇಲೆ ಬರಲಿದ್ದ ನೆರಳು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಕಡೆ ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಒಡೆಯುವುದು ಒಂದೇ ದಿನ, ಗಂಡ ಸತ್ತ ದಿನ. ಆ ದಿನದ ಮಾತನ್ನು ಉಳಿದ ದಿನಗಳಲ್ಲಿ ಬಾಯಿಗೆ ತರಬಾರದೆಂದು ಹೆಂಗಸರು ತಮಗೆ ತಾವೇ ಕಟ್ಟಿಕೊಂಡ ಬೇಲಿ ಇದು. ಯಾವ ಪಂಡಿತನೂ ಹೇಳಿಕೊಟ್ಟದ್ದಲ್ಲ. ಲಿಂಗಾಯತರ ಮನೆಯಲ್ಲೂ ಹಾಗೆಯೇ, ಕುರುಬರ ಮನೆಯಲ್ಲೂ ಹಾಗೆಯೇ, ಲತೀಫಾಬಿಯ ಮನೆಯ ದಖನಿ ಉರ್ದುವಿನಲ್ಲೂ ಹಾಗೆಯೇ. ಇಷ್ಟು ಜಾತಿ ಇಷ್ಟು ಧರ್ಮದ ಹೆಂಗಸರು ಒಂದು ಮಾತಿಗೆ ಒಪ್ಪಿಕೊಂಡದ್ದನ್ನು ನಮ್ಮ ಗಂಡಸರು ಯಾವ ಪಂಚಾಯತಿಯಲ್ಲಾದರೂ ಸಾಧಿಸಿದ್ದಾರೆಯೇ, ನೀವೇ ಹೇಳಿ.

ಈ ಲತೀಫಾಬಿಯ ಮಗಳು ಹಾಜಿರಾ. ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ಕಲಬುರಗಿಯಲ್ಲಿ ಬಿ.ಎ. ಮುಗಿಸಿ, ಜಗತ್ ವೃತ್ತದ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಿಂಗಿಗೆ ಕುಳಿತಳು. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಹುಟ್ಟುಹಬ್ಬದ ಬ್ಯಾನರು. ‘ಶುಭ ವಿವಹ’ ಎಂದು ಬರೆದುಕೊಂಡು ಬಂದವರಿಗೆ ಒಂದು ಮಾತೂ ಆಡದೆ ‘ವಿವಾಹ’ ಮಾಡಿ ಕಳಿಸುತ್ತಿದ್ದಳು. ಅಂಗಡಿಯ ಮಾಲೀಕ ಸಿದ್ದಣ್ಣ ನೋಡಿ ನಗುತ್ತಿದ್ದ: ‘ನಿನ್ನ ಕಣ್ಣಾಗ ಸಾಣಿಗಿ ಅದ ಏನವಾ, ತಪ್ಪೆಲ್ಲಾ ಮ್ಯಾಲೇ ನಿಲ್ತಾವಲ್ಲ!’ ಬೆಂಗಳೂರಿನ ಒಂದು ಪುಸ್ತಕದ ಕಂಪನಿಗೆ ಮನೆಯಲ್ಲೇ ಕುಳಿತು ಕನ್ನಡ ತಿದ್ದುವ ಕಾಪಿ ಎಡಿಟರುಗಳು ಬೇಕಂತೆ ಎಂದು ಮೊಬೈಲಿನಲ್ಲಿ ತೋರಿಸಿದವನೂ ಅವನೇ. ಒಳ್ಳೆಯ ಕೆಲಸಗಾರ್ತಿಯನ್ನು ತಾನೇ ಕೈಯಾರೆ ಕಳೆದುಕೊಂಡ ಮನುಷ್ಯ. ಅಂಥವರೂ ಇದ್ದಾರೆ.

ಪರೀಕ್ಷೆ ಪಾಸಾಯಿತು. ವಿಡಿಯೋ ಸಂದರ್ಶನದಲ್ಲಿ ಒಬ್ಬ ಹಿರಿಯರು ಕೇಳಿದರು: ‘ನಿಮ್ಮ ಕನ್ನಡ ಇಷ್ಟು ಚೆನ್ನಾಗಿದೆಯಲ್ಲ, ಎಲ್ಲಿ ಕಲಿತಿರಿ?’

‘ಶಾಲೆಯಲ್ಲಿ ಸರ್,’ ಎಂದಳು ಹಾಜಿರಾ.

ಅವರು ಮೆಚ್ಚಿಯೇ ಕೇಳಿದ್ದು. ಆದರೆ ಅದೇ ದಿನ ಸಂದರ್ಶನಕ್ಕೆ ಕುಳಿತ ಉಳಿದವರಿಗೆ ಈ ಪ್ರಶ್ನೆ ಹೋಗಿರಲಾರದು. ಕೆಲವರ ಕನ್ನಡ ಅವರ ಮನೆಯದು, ಕೆಲವರದು ಎಲ್ಲಿಂದಲೋ ಕೇಳಿ ತಂದದ್ದು ಎಂಬ ಲೆಕ್ಕ ನಮ್ಮ ನಾಡಿನಲ್ಲಿ ಇನ್ನೂ ನಡೆದಿದೆ. ನೂರು ಮುತ್ತೈದೆಯರಿಗೆ ಹಸಿರು ಬಳೆ ಇಡಿಸುತ್ತ, ಅವರ ಗಂಡನ ಮನೆಯ ದುಃಖವನ್ನೆಲ್ಲ ಅವರದೇ ಮಾತಿನಲ್ಲಿ ಕೇಳುತ್ತ ಬಂದವಳ ಮಗಳಿಗೆ ಕನ್ನಡ ಎಲ್ಲಿಂದ ಬಂತೆಂದು ಕೇಳುವುದೆಂದರೆ! ಇರಲಿ.

ಮೂರು ತಿಂಗಳು ಪರೀಕ್ಷಾವಧಿ, ಕೆಲಸ ಒಪ್ಪಿಗೆಯಾದರೆ ಕಾಯಂ ಎಂದು ಹೇಳಿದರು. ಬಳೆಯ ಡಬ್ಬಿಗಳು ತೊಲೆಯವರೆಗೆ ಏರಿದ್ದ ಮುಂಗೋಣೆಯೇ ಆಫೀಸಾಯಿತು. ಬಳೆ ಬರುವ ಮರದ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಮೇಲೆ ಲ್ಯಾಪ್‌ಟಾಪು. ಸಿಗ್ನಲ್ಲು ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಮೊದಲ ಮೀಟಿಂಗಿನಲ್ಲೇ ಅವಳ ಹಿರಿಯ ಸಂಪಾದಕಿ, ಮೈಸೂರಿನ ಕಡೆಯ ಸುಷ್ಮಿತಾ, ಕಿವಿಗೊಟ್ಟು ಕೇಳಿದಳು: ‘ಹಾಜಿರಾ, ನಿಮ್ಮನೇಲಿ ಏನದು ಝಣಝಣ ಸದ್ದು?’

‘ಅಮ್ಮ ಬಳೆ ಜೋಡಿಸ್ತಿದ್ದಾರೆ ಮೇಡಂ.’

ಎಲ್ಲರೂ ಚೆಂದ, ಚೆಂದ ಎಂದರು. ಹಾಜಿರಾ ಮಾತ್ರ ಅಂದಿನಿಂದ ಮೀಟಿಂಗಿನಲ್ಲಿ ತನ್ನ ಮೈಕು ಬಂದ್ ಇಡಲು ಕಲಿತಳು.

ತಾಯಿಗೆ ಹೆಮ್ಮೆಯೋ ಹೆಮ್ಮೆ. ಬಳೆ ಇಡಿಸಿಕೊಳ್ಳಲು ಬಂದವರು ಕೇಳುವರು: ‘ಮಗಳಿಗಿ ನೌಕರಿ ಎಲ್ಲಿ ಹತ್ಯಾದ ಲತೀಫಾಬಿ?’

‘ಬೆಂಗಳೂರಾಗ್ರಿ.’

‘ಮತ್ತ ಇಲ್ಲೇ ಕುಂತಾಳಲ್ಲ?’

‘ಬಳಿ ಇಲ್ಲಿರ್ತಾವ, ಕೈ ಬೆಂಗಳೂರಾಗ ಇರ್ತಾವ. ಹಂಗ ಅದು.’

‘ಏನ್ ಕೆಲಸ ಅಂತೀನಿ?’

‘ನಂದೇ ಕೆಲಸ. ಮಂದಿ ಬರ್ದದ್ದಕ್ಕ ಬಳಿ ಇಡಸೂದು. ನೋವಾಗಬಾರ್ದು, ಬಿಗೀನೂ ಆಗಬಾರ್ದು, ಸಡ್ಲೂ ಆಗಬಾರ್ದು.’

ಕಂಪನಿಯ ಕೈಪಿಡಿಯಲ್ಲಿ ಒಂದು ಸಾಲಿತ್ತು: ಪ್ರಾದೇಶಿಕ ರೂಪಗಳು ಸಂಭಾಷಣೆಯಲ್ಲಿ ಮಾತ್ರ ಇರಲಿ, ನಿರೂಪಣೆ ಶಿಷ್ಟವಾಗಿರಲಿ. ಓದಲು ನ್ಯಾಯವಾಗಿಯೇ ಇದೆ. ಆದರೆ ಯಾರ ಅಡುಗೆಮನೆಯ ಮಾತು ಶಿಷ್ಟ, ಯಾರದು ಪ್ರಾದೇಶಿಕ ಎಂದು ನಿರ್ಧರಿಸಿದವರು ಯಾರು? ಅವರು ಬೀದರದಿಂದ ಬಸ್ಸು ಹತ್ತಿದವರಲ್ಲ ಎಂಬುದಂತೂ ಖಾತ್ರಿ. ಬೆಂಗಳೂರೂ ಒಂದು ಪ್ರದೇಶವೇ ಎಂಬುದು ಕೈಪಿಡಿ ಬರೆಯುವವರಿಗೆ ಯಾಕೋ ಹೊಳೆಯುವುದೇ ಇಲ್ಲ.

ಮೊದಲ ವಾರ ಹಾಜಿರಾ ಕಂಪನಿಯ ಗುಂಪಿನಲ್ಲಿ ಬರೆದಳು: ‘ಫೈಲ್ ಕಳಿಸೀನ್ರಿ, ನೋಡ್ರಿ.’ ಒಬ್ಬ ಹುಡುಗ ನಗುವ ಮುಖಗಳ ಸಾಲನ್ನೇ ಹಾಕಿ ‘ಸೂಪರ್ ರೀ!’ ಎಂದ. ಇನ್ನಿಬ್ಬರು ‘ರೀ ರೀ’ ಎಂದರು. ಅದರಲ್ಲಿ ವಿಷವೇನೂ ಇರಲಿಲ್ಲ, ಸಿನಿಮಾ ನೋಡಿ ಕಲಿತ ನಗು ಅಷ್ಟೆ. ಆದರೆ ಹಾಜಿರಾಳ ಕಿವಿ ಬಿಸಿಯಾಯಿತು. ಅಂದಿನಿಂದ ಒಂದೊಂದು ಸಂದೇಶವನ್ನೂ ಬರೆದು ಅಳಿಸಿ ಮತ್ತೆ ಬರೆದು, ‘ಕಡತವನ್ನು ಕಳುಹಿಸಿದ್ದೇನೆ, ದಯವಿಟ್ಟು ಪರಿಶೀಲಿಸಿ’ ಎನ್ನತೊಡಗಿದಳು. ಇಸ್ತ್ರಿ ಮಾಡಿದ ಮಾತು. ಅದರೊಳಗೆ ಅವಳಿರಲಿಲ್ಲ.

ಮೂರನೆಯ ತಿಂಗಳಿನಲ್ಲಿ ಒಂದು ಪುಸ್ತಕ ಅವಳ ಪಾಲಿಗೆ ಬಂತು. ಬರೆದವರು ಅನ್ನಮ್ಮ ಎಂಬ ನಿವೃತ್ತ ಶಾಲಾ ಶಿಕ್ಷಕಿ. ತವರು ಹುಮನಾಬಾದ ಕಡೆ, ಮದುವೆಯಾಗಿ ಬಂದದ್ದು ಮಹಾಗಾಂವಕ್ಕೆ, ಈಗ ಮನೆ ಕಲಬುರಗಿಯಲ್ಲಿ. ಗಂಡ ದೌಲಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಅವರಿಬ್ಬರ ಸಂಸಾರದ ಕಥೆಯೇ ಪುಸ್ತಕ. ‘ನಿಮ್ಮ ಕಡೆಯವರೇ, ನೀವೇ ನೋಡಿ’ ಎಂದು ಸುಷ್ಮಿತಾ ಕಳಿಸಿದಳು. ಮದುವೆಯಾದ ಮರುದಿನ ಹೊಸ ಸೊಸೆ ಗಂಡನ ಊರಿಗೆ ಬರುವ ಜಾಗದಲ್ಲಿ ಅನ್ನಮ್ಮ ಹೀಗೆ ಬರೆದಿದ್ದರು:

‘ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಜಗ್ಗಿತು. ಬೀಳುತ್ತಿದ್ದ ನನ್ನನ್ನು ಅವರು ಕೈ ಹಿಡಿದು ನಿಲ್ಲಿಸಿದರು. ನಾಲ್ಕು ಬಳೆ ಹೆಚ್ಚಿದವು. ಇಬ್ಬರೂ ನಕ್ಕೆವು.’

ಗಂಡ ಮೊದಲ ಸಲ ಮುಟ್ಟಿದ್ದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಲಾದೀತೆ? ಆದರೆ ಸಾಲಿನ ಪಕ್ಕದಲ್ಲಿ ಸುಷ್ಮಿತಾ ಒಂದು ಟಿಪ್ಪಣಿ ಹಚ್ಚಿದ್ದಳು: ‘ಬಳೆ ಹೆಚ್ಚುವುದು ಅಂದರೇನು, ಸೌತೆಕಾಯಿಯೇ? ಸರಿಪಡಿಸಿ.’

ಒಂದು ಸಾಲಿನ ಉತ್ತರ ಸಾಕಾಗಿತ್ತು. ಮೇಡಂ, ನಮ್ಮ ಕಡೆ ಹೀಗೆ ಅನ್ನುತ್ತಾರೆ, ಅದಕ್ಕೆ ಹೀಗೊಂದು ಕಾರಣವಿದೆ. ಹಾಜಿರಾ ಬರೆಯಲೂ ತೊಡಗಿದಳು. ‘ನಮ್ಮ ಕಡೆ’ ಎಂದು ಬರೆದ ಕೂಡಲೇ ಆ ನಗುವ ಮುಖಗಳು ಕಣ್ಣ ಮುಂದೆ ಬಂದು ನಿಂತವು. ಬರೆದದ್ದನ್ನು ಅಳಿಸಿದಳು. ‘ಹೆಚ್ಚಿದವು’ ತೆಗೆದು ‘ಒಡೆದವು’ ಎಂದು ಹಾಕಿದಳು.

ಆ ಮಾತಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವಳ ಅಪ್ಪ ಕರೀಂಸಾಬ್ ತೀರಿಕೊಂಡ ದಿನ ಓಣಿಯ ಹೆಂಗಸರು ತಾಯಿಯನ್ನು ಹಿತ್ತಲಿಗೆ ಕರೆದೊಯ್ದದ್ದು, ಅಲ್ಲಿಂದ ಗಾಜಿನ ಸದ್ದು ಬಂದದ್ದು, ಸಾವಿರ ಬಳೆಗಳ ನಡುವೆ ಬದುಕುವ ಅವಳು ಬರಿಗೈಯಲ್ಲಿ ಒಳಗೆ ಬಂದದ್ದು, ಎಲ್ಲವನ್ನೂ ಹಾಜಿರಾ ಕಂಡವಳೇ. ಇಂದಿಗೂ ಆ ಕೈ ಬರಿದಾಗಿಯೇ ಇದೆ. ‘ಒಡೆದವು’ ಎಂದು ಒತ್ತುವಾಗ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಮುಂದಿನ ಪುಟ.

ಮಾತೃಭಾಷೆಯ ದಿನ ವೇದಿಕೆ ಹತ್ತಿ ಕೂಗುವವರೇ, ಒಂದು ನುಡಿ ಸಾಯುವುದು ಹೀಗೆ. ಯಾರೂ ಅದನ್ನು ಕೊಲ್ಲಲು ಹೊರಟಿರುವುದಿಲ್ಲ. ಒಬ್ಬರು ಸುಮ್ಮನೆ ನಗುತ್ತಾರೆ, ಇನ್ನೊಬ್ಬರು ಸುಮ್ಮನೆ ಅಂಜುತ್ತಾರೆ.

ಕರಡು ಅನ್ನಮ್ಮನವರಿಗೆ ಹೋಯಿತು. ಕೆಲವು ದಿನಗಳಾದ ಮೇಲೆ ಸುಷ್ಮಿತಾಳ ಫೋನು ಬಂತು. ನಾಳೆ ಬೆಳಿಗ್ಗೆಯೇ ಹಾಜಿರಾಳನ್ನು ಕಾಯಂ ಮಾಡಬೇಕೇ ಬೇಡವೇ ಎಂಬ ಮೀಟಿಂಗು. ಫೋನು ಕಿಟಕಿಯಲ್ಲೇ ಇಡಬೇಕಾದ್ದರಿಂದ ಸ್ಪೀಕರ್ ಹಾಕುವುದು ಆ ಮನೆಯ ರೂಢಿ.

‘ಹಾಜಿರಾ, ಆ ಅನ್ನಮ್ಮ ಟೀಚರ್ ಫೋನ್ ಮಾಡಿದ್ರು. ಅಳ್ತಾ ಇದ್ರು ಕಣ್ರೀ. ನನ್ನ ಗಂಡ ಇನ್ನೂ ಬದುಕಿದ್ದಾರೆ, ಹೀಗ್ಯಾಕೆ ಬರೆದ್ರಿ ಅಂತಾರೆ. ಏನೋ ಬಳೆ ವಿಷಯ, ನಂಗೆ ಒಂದೂ ಅರ್ಥ ಆಗ್ಲಿಲ್ಲ. ಅವರ ಯಜಮಾನ್ರಿಗೆ ಈಗಷ್ಟೇ ಹಾರ್ಟ್ ಆಪರೇಷನ್ ಆಗಿದ್ಯಂತೆ. ಪುಸ್ತಕವೇ ಬೇಡ, ವಾಪಸ್ ಕೊಡಿ ಅಂತಿದ್ದಾರೆ.’

ಹಾಜಿರಾ ಕರಡಿನ ಆ ಪುಟವನ್ನು ತೆರೆದಳು.

‘ನೀವೇನೂ ಹೆದರ್ಬೇಡಿ. ನಾಳೆ ಮೀಟಿಂಗ್ ಇರೋವಾಗ ಲೇಖಕರ ದೂರು ಅಂತ ಬಂದ್ರೆ ಚೆನ್ನಾಗಿರಲ್ಲ. ಸಾಫ್ಟ್‌ವೇರು ತಾನೇ ಬದಲಾಯಿಸ್ಬಿಡ್ತು ಅಂತ ಹೇಳ್ಬಿಡ್ತೀನಿ. ಯಾರು ನೋಡ್ತಾರೆ?’

‘ಹೂಂ ಮೇಡಂ,’ ಎಂದಳು ಹಾಜಿರಾ.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ತಾಯಿ. ‘ಕ್ಯಾ ಹುವಾ ಬೇಟಾ?’ ಎಂದು ಶುರುವಾದ ಆ ಮಾತು ನಡೆದದ್ದು ದಖನಿಯಲ್ಲಿ. ಇಲ್ಲಿ ಅದನ್ನು ಲತೀಫಾಬಿಯ ಬಾಯಿಯ ಕನ್ನಡದಲ್ಲೇ ಹೇಳುವುದು ಲೇಸು.

‘ಯಾರ ಕೈಯಾಗಿನ ಬಳಿ ಸುದ್ದಿ ಅದು?’

‘ಯಾರ್ದೂ ಅಲ್ಲ ಅಮ್ಮೀ. ಒಂದು ಪುಸ್ತಕದಾಗಿನ್ವು.’

‘ಪುಸ್ತಕದಾಗ ಕೈ ಇರಂಗಿಲ್ಲೇನು?’

ಹಾಜಿರಾ ಆ ಸಾಲನ್ನು ಓದಿ ಹೇಳಿದಳು. ಮೊದಲು ಅನ್ನಮ್ಮನವರು ಬರೆದದ್ದು, ಆಮೇಲೆ ತಾನು ಮಾಡಿದ್ದು. ಲತೀಫಾಬಿ ಕೇಳಿ, ತನ್ನ ಬರಿಗೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡಳು.

‘ಬ್ಯಾನಿಬಿದ್ದ ಗಂಡನ್ನ ಕುಂದರಿಸ್ಕೊಂಡು ಓದಿರಬೇಕು ಆಕಿ. ಎದಿ ಧಸಕ್ಕಂದಿರಬೇಕು,’ ಎಂದಳು. ಆಮೇಲೆ, ‘ಈಗ ಮಷೀನ್ ಮಾಡ್ತು ಅಂತ ಹೇಳ್ತೀರೇನು?’

‘ನೌಕರಿ ಹೋಗ್ತದ ಅಮ್ಮೀ.’

‘ಹೋಗಬಹುದು,’ ಎಂದಳು ಲತೀಫಾಬಿ. ಬೈಯಲಿಲ್ಲ. ಮಗಳ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕುಳಿತಳು. ‘ಮಷೀನಿಗಿ ಅವ್ವ ಇಲ್ಲ. ಅದಕ್ಕ ಯಾರೂ ಹೇಳಿಕೊಟ್ಟಿಲ್ಲ, ಅದು ತಪ್ಪು ಮಾಡ್ಲಿ. ನಿನಗ ನಾ ಇದ್ದೆ. ನಾನೂ ಹೇಳಿಕೊಟ್ಟಿಲ್ಲ ಅಂದಂಗ ಆಗ್ತದ ನೋಡು.’

ಹಾಜಿರಾ ಅತ್ತಳು. ತಾಯಿ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು, ಅಳು ಮುಗಿಯಲಿ ಎಂದು ಕಾದಳು. ಮುಗಿದ ಮೇಲೆ ಫೋನನ್ನು ತಾನೇ ಎತ್ತಿ ಕೊಟ್ಟಳು.

‘ಮೇಡಂ, ಸಾಫ್ಟ್‌ವೇರ್ ಅಲ್ರಿ,’ ಎಂದಳು ಹಾಜಿರಾ. ‘ನಾನ ಮಾಡೀನಿ. ಅರ್ಥ ಗೊತ್ತಿತ್ರಿ. ಗೊತ್ತಿದ್ದೂ ಮಾಡೀನಿ.’

ಆ ನಗುವ ಮುಖಗಳು ಬಂದ ದಿನದಿಂದ ಮೊದಲ ಸಲ ತನ್ನ ಮಾತಿನಲ್ಲೇ ಮಾತಾಡುತ್ತಿದ್ದೇನೆಂಬುದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ಹೆಚ್ಚುವುದೆಂದರೇನು, ಒಡೆಯುವುದೆಂದರೇನು, ಎಲ್ಲವನ್ನೂ ಹೇಳಿದಳು.

‘ಅಯ್ಯೋ ದೇವ್ರೇ,’ ಎಂದಳು ಸುಷ್ಮಿತಾ. ‘ಸೌತೆಕಾಯಿ ಅಂದವಳು ನಾನಲ್ವಾ?’

‘ನೀವು ಕೇಳಿದ್ರಿ ಮೇಡಂ. ಹೇಳ್ಬೇಕಾದಾಕಿ ನಾನು, ಹೇಳಲಿಲ್ಲ.’

‘ನಾಳೆ ಇದನ್ನೇ ಹೇಳ್ಬೇಕಾಗುತ್ತೆ ಹಾಜಿರಾ. ಏನಾಗುತ್ತೋ ಗೊತ್ತಿಲ್ಲ.’

‘ಹೇಳ್ರಿ. ಅವ್ರ ಮನಿಗಿ ಹೋಗಿ ಬರ್ಲೇನ್ರಿ?’

ಸುಷ್ಮಿತಾ ಯೋಚಿಸಿದಳು. ‘ಕಂಪನಿ ಕಡೆಯಿಂದ ಹೋಗ್ಬೇಡಿ. ನಿಮ್ಮ ಕಡೆಯಿಂದ ಹೋಗಿ.’

ಅನ್ನಮ್ಮನವರನ್ನು ಕೇಳಿಯೇ ವಿಳಾಸ ಕೊಟ್ಟಳು.

ಮರುದಿನ ತಾಯಿ ಮಗಳು ಕಲಬುರಗಿಯ ಬಸ್ಸು ಹತ್ತಿದರು. ಲತೀಫಾಬಿಯ ತೊಡೆಯ ಮೇಲೆ ಬಳೆ ಪೋಣಿಸಿ ಕಟ್ಟಿದ ಮಲಾರ, ಹಾಜಿರಾಳ ತೊಡೆಯ ಮೇಲೆ ಊರಿನ ಕೆಂಪು ಬಾಳೆಹಣ್ಣಿನ ಚಿಪ್ಪು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಜಗ್ಗಿತು. ಹಾಜಿರಾ ತಾಯಿಯ ಕೈ ಹಿಡಿದಳು. ಅನ್ನಮ್ಮನವರು ಬೀಳಹೋದದ್ದು ಇಲ್ಲೇ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಜಗತ್‌ನಲ್ಲಿ ಇಳಿದು, ಆಟೋದವನೊಡನೆ ಲತೀಫಾಬಿಯದು ಒಂದು ಸುತ್ತು ಜಗಳವಾಗಿ, ಒಂದು ಸಣ್ಣ ಓಣಿಯ ಹಳೆಯ ಕಲ್ಲಿನ ಮನೆಯ ಮುಂದೆ ನಿಂತರು.

ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತ ಬಡಕಲು ಮುದುಕರು ಕತ್ತೆತ್ತಿದರು. ‘ಯಾರು?’

‘ಕಾಕಾ, ನಾನು ಹಾಜಿರಾ ಅಂತ್ರಿ. ಟೀಚರ್ ಪುಸ್ತಕ ತಿದ್ದಾಕಿ.’

‘ಓಹೋಹೋ, ನನ್ನ ಕೊಂದಾಕಿ ನೀನೇ ಏನು? ಬಾ ಬಾ, ಒಳಗ ಬಾ!’ ಎಂದು ದೌಲಪ್ಪನವರು ಒಳಗಿದ್ದ ಹೆಂಡತಿಗೆ ಕೂಗಿದರು. ‘ಏ ಇಕಿನ, ನಿನ್ನ ಕುಂಕುಮ ಅಳಸಾಕಿ ಬಂದಾಳ ನೋಡು, ಛಾ ಇಡು!’

ಅನ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ನಗಲಿಲ್ಲ. ‘ಜೋರ್ ನಗಬ್ಯಾಡ್ರಿ, ಡಾಕ್ಟರ್ ಹೇಳ್ಯಾರ,’ ಎಂದು ಗಂಡನಿಗೆ ಹೇಳಿ, ಹುಡುಗಿಯ ಕಡೆ ತಿರುಗಿದರು. ‘ಯಾ ಊರಾಕಿ ನೀನು?’

‘ಕಮಲಾಪುರ ರೀ.’

‘ಕಮಲಾಪುರದಾಕಿ!’ ಅವರ ಮುಖ ಇನ್ನಷ್ಟು ಸಣ್ಣದಾಯಿತು. ‘ಬೆಂಗಳೂರು ಕಡೆಯವ್ರು ಯಾರೋ ಮಾಡ್ಯಾರ, ಅವ್ರಿಗಿ ತಿಳಿಯಂಗಿಲ್ಲ ಅನಕೊಂಡು ಸಮಾಧಾನ ಮಾಡ್ಕೊಂಡಿದ್ದೆ. ನಿನಗ ಗೊತ್ತಿತ್ತೇನು?’

‘ಗೊತ್ತಿತ್ರಿ ಟೀಚರ್.’

‘ಮತ್ತ ಯಾಕ?’

‘ನಗ್ತಾರಂತ ಅಂಜಿದೆ ರೀ,’ ಎಂದಳು ಹಾಜಿರಾ. ‘ತಪ್ಪಾಯ್ತು.’

ಅನ್ನಮ್ಮ ಕೆಳಗೆ ಚಾಪೆಯ ಮೇಲೆ ಕುಳಿತು, ಅವಳನ್ನೂ ಕೈ ಹಿಡಿದು ಕೂರಿಸಿಕೊಂಡರು.

‘ನೌಕರಿ ಇರೋತನಾ ಹುಡುಗ್ರಿಗಿ ಬೆತ್ತ ತೋರಿಸೀನಿ ನಾನು. ಬಂದಾರ ಅನಬ್ಯಾಡ್ರಿ, ಬಂದಿದ್ದಾರೆ ಅನ್ರಿ ಅಂತ. ನಿನ್ನಂಥಾಕಿಗಿ ಅಂಜೂದು ಕಲಿಸಿದಾಕಿ ನನ್ನಂಥಾಕೇ ಇರಬೇಕು.’

‘ಆ ದಿನದ್ದು ಕೇಳವಾ,’ ಎಂದರು ದೌಲಪ್ಪ. ‘ದಿನಾ ಸಂಜಿಗಿ ಓದಿ ಹೇಳ್ತಿದ್ಳು. ಅಲ್ಲಿಗಿ ಬಂದು ಗಪ್ಪನ ನಿಂತ್ಳು. ಯಾಕ ಅಂದ್ರ, ಕಣ್ಣು ಮಂಜಾಗ್ಯಾವ ಅಂದು ಎದ್ದು ಹೋದ್ಳು. ನಾ ಹಾಳಿ ಎತ್ತಿ ನೋಡ್ತೀನಿ, ಸತ್ತೇ ಹೋಗೀನಿ! ಅವತ್ತಿನಿಂದ ನಿದ್ದಿ ಬಂದ್ರ ಸಾಕು, ಮೂಗಿನ ಮುಂದ ಕೈ ಹಿಡದು ನೋಡ್ತಾಳ ಈಕಿ.’

‘ಸಾಕ್ ಬಿಡ್ರಿ,’ ಎಂದರು ಅನ್ನಮ್ಮ.

ಛಾ ಕುಡಿಯುವಾಗ ಹಾಜಿರಾಳ ಫೋನಿಗೆ ಸುಷ್ಮಿತಾಳ ಸಂದೇಶ ಬಂತು. ಏನು ಬಂತೆಂದು ಎಲ್ಲರೂ ಕೇಳಿದರು. ಓದಿ ಹೇಳಿದಳು: ಈಗ ಕಾಯಂ ಆಗಿಲ್ಲ. ಪರೀಕ್ಷಾವಧಿ ಇನ್ನೂ ಮೂರು ತಿಂಗಳು. ಲೇಖಕಿ ಒಪ್ಪಿದರೆ ಪುಸ್ತಕ ಅವಳ ಬಳಿಯೇ ಇರಲಿ.

‘ನನಗೂ ಡಾಕ್ಟರ್ ಅದನ್ನೇ ಅಂದಾನ,’ ಎಂದರು ದೌಲಪ್ಪ. ‘ಮೂರು ತಿಂಗಳು ನೋಡೂಣು ಅಂದಾನ. ಇಬ್ರೂ ಕೂಡೇ ಪಾಸಾಗೂಣು ಬಿಡು.’

ಎಲ್ಲರೂ ಅನ್ನಮ್ಮನ ಕಡೆ ನೋಡಿದರು. ಅವರು ಪುಸ್ತಕದ ಮಾತೆತ್ತಲಿಲ್ಲ. ಲತೀಫಾಬಿಯ ಕಡೆ ಕೈ ಚಾಚಿದರು. ಗಂಡ ಆಸ್ಪತ್ರೆ ಸೇರಿದ್ದಾಗ, ಅವಸರದಲ್ಲಿ ಎಲ್ಲಿಯಾದರೂ ತಾಗೀತೆಂದು ಗಾಜಿನ ಬಳೆಗಳನ್ನು ಬಿಚ್ಚಿಟ್ಟವರು ಮತ್ತೆ ಇಟ್ಟುಕೊಂಡಿರಲಿಲ್ಲ.

‘ಹಸುರ್ವು ಇಡಸ್ರಿ. ಕೈ ಒರಟಾಗ್ಯಾವ, ಸಾವಕಾಶ.’

ಲತೀಫಾಬಿ ಮಲಾರ ಬಿಚ್ಚಿದಳು. ಅನ್ನಮ್ಮನ ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡಿ, ಒಂದೊಂದನ್ನೇ ಏರಿಸತೊಡಗಿದಳು. ಎಡಗೈ ತುಂಬಿತು. ಬಲಗೈಯ ಕೊನೆಯ ಬಳೆ ಗೆಣ್ಣು ದಾಟುವಾಗ ಚಟ್ಟೆಂದಿತು.

ದೌಲಪ್ಪನವರ ಕೈಯ ಛಾದ ಕಪ್ಪು, ಬಸಿ ಅಲ್ಲಲ್ಲೇ ನಿಂತವು. ಆ ಮಾತನ್ನು ಹೇಳುವುದು ಲತೀಫಾಬಿಯ ನಾಲಿಗೆಗೆ ಜನ್ಮದ ರೂಢಿ. ಈ ಸಲ ಅವಳು ಬಾಯಿ ತೆರೆಯಲಿಲ್ಲ. ಮಗಳ ಕಡೆ ನೋಡಿದಳು.

ಹಾಜಿರಾ ಚೂರುಗಳನ್ನು ಒಂದೊಂದಾಗಿ ಆರಿಸಿ ತನ್ನ ದುಪಟ್ಟಾಕ್ಕೆ ಹಾಕಿಕೊಂಡಳು.

‘ಹೆಚ್ಚಿತು ನೋಡ್ರಿ ಟೀಚರ್,’ ಎಂದಳು. ‘ಚೊಲೋ ಆತು.’

‘ಹಾಂ, ಹಂಗ ಬರಿ ಮತ್ತ ನನ್ನ ಪುಸ್ತಕದಾಗ,’ ಎಂದರು ಅನ್ನಮ್ಮ.

ದೌಲಪ್ಪನವರು ಎದೆ ಹಿಡಿದುಕೊಂಡು ಜೋರಾಗಿ ನಕ್ಕರು. ಅನ್ನಮ್ಮ ಅವರನ್ನು ತಡೆಯಲಿಲ್ಲ, ತಾವೂ ನಕ್ಕರು.